ಹಿತ್ತಿಲಿನಲ್ಲಿ ಲೋಹದ ಬೆಸುಗೆ

ಬಿಡುವಿನ ವೇಳೆಯಲ್ಲಿ ಕೈಗೆಲಸ ಮಾಡಿ ಸಂತೋಷಪಡುವವರು ನಮ್ಮಲ್ಲಿ ವಿರಳರೇನೂ ಅಲ್ಲ. ಕೆಲವರು ಹೂದೋಟ ಬೆಳೆಸುತ್ತಾರೆ. ಕೆಲವರು ಉಳಿ, ಗರಗಸಗಳನ್ನು ಹಿಡಿದು ಮಣೆ, ಪೆಟ್ಟಿಗೆ, ಪುಸ್ತಕದ ಕಪಾಟುಗಳನ್ನು ಮಾಡಿಕೊಳ್ಳುತ್ತಾರೆ. ಆದರೆ ಕಬ್ಬಿಣದ ಕೆಲಸವೆಂದೊಡನೆ ನಾವು ಹಿಂಜರಿಯುತ್ತೇವೆ. ಅದು ಕಮ್ಮಾರನ ಕುಲುಮೆಗೆ ಸೇರಿದ್ದು, ಅಥವಾ ಬೀದಿಯ ಕೊನೆಯಲ್ಲಿ ನೀಲಿ ಬೆಳಕನ್ನು ಚಿಮ್ಮಿಸುತ್ತ ಕಿಟಕಿಯ ಸರಳು, ಗೇಟುಗಳನ್ನು ಬೆಸೆಯುವ ಅಂಗಡಿಗೆ ಸೇರಿದ್ದು ಎಂಬ ಭಾವನೆ ಬೇರೂರಿದೆ. ಈ ಭಾವನೆಗೆ ಕಾರಣವಿಲ್ಲದಿಲ್ಲ. ಬೆಸುಗೆಯ ಯಂತ್ರ ಬಹುಕಾಲ ಒಬ್ಬನಿಂದ ಎತ್ತಲಾಗದಷ್ಟು ಭಾರವಾಗಿತ್ತು. ಅದರ ಹಸಿವನ್ನು ತಣಿಸುವ ಶಕ್ತಿ ಮನೆಯ ವಿದ್ಯುತ್ತಂತಿಗೆ ಇರಲಿಲ್ಲ. ಈಗ ಪರಿಸ್ಥಿತಿ ಬದಲಾಗಿದೆ. ಚೀಲದಂತೆ ಹೆಗಲಿಗೆ ತಗುಲಿಸಿಕೊಂಡು ಒಯ್ಯಬಹುದಾದ ಪುಟ್ಟ ಯಂತ್ರಗಳು ಪೇಟೆಯಲ್ಲಿ ದೊರೆಯುತ್ತವೆ. ಹವ್ಯಾಸಕ್ಕಾಗಿ ಬೆಸುಗೆ ಹಾಕುವವರು ಅಲ್ಲಲ್ಲಿ ಕಾಣಿಸಿಕೊಳ್ಳುತ್ತಿದ್ದಾರೆ.

ಯಂತ್ರ ಸುಲಭವಾಗಿ ದೊರೆತ ಮಾತ್ರಕ್ಕೆ ವಿದ್ಯೆಯೂ ಸುಲಭವಾಗಿ ದೊರೆಯದು. ಮರಗೆಲಸದಲ್ಲಿ ತಪ್ಪು ಕಣ್ಣಿಗೆ ಬೀಳುತ್ತದೆ. ಕೀಲು ಸಡಿಲವಾದರೆ ಮೇಜು ಅಲುಗಾಡಿ ದೂರು ಹೇಳುತ್ತದೆ. ಬೆಸುಗೆಯ ತಪ್ಪು ಹಾಗಲ್ಲ. ಹೊರಗೆ ನುಣುಪಾಗಿ ಹೊಳೆಯುವ ಬೆಸುಗೆ ಒಳಗೆ ಹಿಡಿದೇ ಇರದಿರಬಹುದು. ಬಣ್ಣ ಬಳಿದ ಮೇಲಂತೂ ಯಾರಿಗೂ ತಿಳಿಯದು. ಆ ಕೊಕ್ಕೆಗೆ ಉಯ್ಯಾಲೆ ಕಟ್ಟಿ ಮಗುವನ್ನು ಕೂರಿಸಿದ ದಿನ ಗುಟ್ಟು ಬಯಲಾಗುತ್ತದೆ. ಆದುದರಿಂದ ನಿಜವಾದ ಬೆಸುಗೆ ಯಾವುದು, ಹುಸಿ ಬೆಸುಗೆ ಯಾವುದು ಎಂಬುದನ್ನು ತಿಳಿಯುವುದೇ ಈ ಹವ್ಯಾಸದ ಮೊದಲ ಪಾಠ. ಅದೇ ಕೊನೆಯ ಪಾಠವೂ ಹೌದು.

ಲೋಹಗಳು ತಾವಾಗಿ ಏಕೆ ಅಂಟುವುದಿಲ್ಲ?

ಎರಡು ಕಬ್ಬಿಣದ ತುಂಡುಗಳನ್ನು ಒಂದರ ಮೇಲೊಂದು ಒತ್ತಿ ಹಿಡಿದರೆ ಅವು ಏಕೆ ಒಂದಾಗುವುದಿಲ್ಲ? ಪ್ರಶ್ನೆ ಬಾಲಿಶವೆಂದು ತೋರಬಹುದು; ಆದರೆ ಬೆಸುಗೆಯ ಶಾಸ್ತ್ರವೆಲ್ಲ ಇದರ ಉತ್ತರದಲ್ಲಿ ಅಡಗಿದೆ. ಲೋಹದೊಳಗಿನ ಪರಮಾಣುಗಳು ಒಂದನ್ನೊಂದು ಬಲವಾಗಿ ಹಿಡಿದುಕೊಂಡಿರುತ್ತವೆ. ಪಕ್ಕದ ಪರಮಾಣು ತನ್ನ ತುಂಡಿನದೋ ಬೇರೊಂದು ತುಂಡಿನದೋ ಎಂಬ ಭೇದವನ್ನು ಅವು ಎಣಿಸುವುದಿಲ್ಲ. ಪರಮಾಣುವಿಗೆ ಪರಮಾಣು ತಾಗುವಷ್ಟು ಸಮೀಪಕ್ಕೆ ಬಂದರೆ ಸಾಕು, ಹಿಡಿತ ತಾನಾಗಿ ಏರ್ಪಡುತ್ತದೆ. ನಿರ್ವಾತದಲ್ಲಿ ಪರಿಶುದ್ಧವಾದ ಲೋಹದ ಮೈಗಳು ಕಾಯಿಸದೆಯೇ ಕಚ್ಚಿಕೊಳ್ಳುವುದನ್ನು ವಿಜ್ಞಾನಿಗಳು ಕಂಡಿದ್ದಾರೆ.

ಗಾಳಿಯಲ್ಲಿ ಇದಕ್ಕೆ ಎರಡು ಅಡ್ಡಿಗಳುಂಟು. ಒಂದು, ಮೈಯ ಒರಟುತನ. ನಮ್ಮ ಬೆರಳಿಗೆ ನುಣುಪೆನಿಸುವ ಉಕ್ಕು ಪರಮಾಣುಗಳ ಅಳತೆಯಲ್ಲಿ ಬೆಟ್ಟ ಕಣಿವೆಗಳ ನಾಡು. ಎರಡು ನಾಡುಗಳು ಕೆಲವು ಶಿಖರಗಳಲ್ಲಿ ಮಾತ್ರ ತಾಗುತ್ತವೆ. ಇನ್ನೊಂದು, ಲೋಹವು ಗಾಳಿಯ ಆಮ್ಲಜನಕದೊಡನೆ ಕೂಡಿ ಹೊದ್ದುಕೊಳ್ಳುವ ಆಕ್ಸೈಡಿನ ಪೊರೆ. ಲೋಹವನ್ನು ಕಾಯಿಸಿ ಕರಗಿಸಿದರೆ ಮೊದಲ ಅಡ್ಡಿ ತೊಲಗುತ್ತದೆ. ಆದರೆ ಬಿಸಿ ಏರಿದಷ್ಟೂ ಎರಡನೆಯದು ದಪ್ಪವಾಗುತ್ತದೆ. ಒಂದನ್ನು ಕಳೆಯಹೋದರೆ ಇನ್ನೊಂದು ಬೆಳೆಯುವ ಈ ತೊಡಕನ್ನು ಬಿಡಿಸುವುದೇ ಬೆಸುಗೆಯ ಕಲೆ.

ನಮ್ಮ ಹಳ್ಳಿಯ ಕಮ್ಮಾರನು ಇದನ್ನು ಬಹು ಹಿಂದೆಯೇ ಬಿಡಿಸಿದ್ದನು. ತಿದಿಯೊತ್ತಿ ಕಬ್ಬಿಣವನ್ನು ಬೆಳ್ಳಗೆ ಕಾಯಿಸಿ, ಅದರ ಮೇಲೆ ಮರಳನ್ನು ಎರಚಿ, ಎರಡು ತುದಿಗಳನ್ನು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿಯುವುದು ಅವನ ವಿಧಾನ. ಮರಳು ಏಕೆ? ಮರಳಿನ ಸಿಲಿಕವು ಕಬ್ಬಿಣದ ಆಕ್ಸೈಡಿನೊಡನೆ ಸೇರಿ, ಕಬ್ಬಿಣಕ್ಕಿಂತ ಕಡಿಮೆ ಬಿಸಿಯಲ್ಲಿ ಕರಗುವ ಕಿಟ್ಟವಾಗುತ್ತದೆ. ಸುತ್ತಿಗೆಯ ಪೆಟ್ಟಿಗೆ ಆ ದ್ರವ ಕಿಟ್ಟ ಕಿಡಿಕಿಡಿಯಾಗಿ ಹೊರಗೆ ಚಿಮ್ಮುತ್ತದೆ; ಪೊರೆ ಕಳಚಿದ ಶುದ್ಧ ಲೋಹಗಳು ಒಂದಾಗುತ್ತವೆ. ಸುಮಾರು ೧,೬೦೦ ವರ್ಷಗಳ ಹಿಂದಿನ ದೆಹಲಿಯ ಕಬ್ಬಿಣದ ಸ್ತಂಭ ಹೀಗೆ ಬಡಿದು ಬೆಸೆದ ಕಬ್ಬಿಣದ ಮುದ್ದೆಗಳಿಂದ ಆದುದು. ೭ ಮೀಟರಿಗೂ ಮಿಕ್ಕಿದ ಉದ್ದ, ೬ ಟನ್ನಿಗೂ ಮೀರಿದ ತೂಕದ ಆ ಕಂಬವನ್ನು ಎರಕ ಹೊಯ್ದದ್ದಲ್ಲ, ಬೆಸೆದದ್ದು ಎಂಬುದನ್ನು ನಾವು ನೆನಪಿಡಬೇಕು.

ಬೆಸುಗೆ ಎಂಬ ಒಂದೇ ಮಾತನ್ನು ನಾವು ಮೂರು ಕೆಲಸಗಳಿಗೆ ಬಳಸುತ್ತೇವೆ. ರೇಡಿಯೋ ರಿಪೇರಿಯವನು ತವರ ಸೀಸಗಳ ಮಿಶ್ರಲೋಹವನ್ನು ಕರಗಿಸಿ ತಂತಿಗಳನ್ನು ಕೂಡಿಸುವುದು ಮೆದು ಬೆಸುಗೆ. ಆ ಮಿಶ್ರಣ ೧೮೩ ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕರಗಬಲ್ಲುದು. ಅಕ್ಕಸಾಲಿಗನು ಬಿಳಿಗಾರವನ್ನು ಹಚ್ಚಿ ಒಡವೆಯನ್ನು ಬೆಸೆಯುವುದು, ಸೈಕಲ್ಲಿನ ಚೌಕಟ್ಟನ್ನು ಹಿತ್ತಾಳೆಯಿಂದ ಕೂಡಿಸುವುದು ಗಡಸು ಬೆಸುಗೆ. ಇವೆರಡರಲ್ಲಿಯೂ ಕೂಡುವ ತುಂಡುಗಳು ಕರಗುವುದಿಲ್ಲ. ನಡುವಣ ಲೋಹ ಮಾತ್ರ ಕರಗಿ ಹಿಡಿಯುತ್ತದೆ. ಮೂರನೆಯದು ವೆಲ್ಡಿಂಗು. ಇದರಲ್ಲಿ ಎರಡು ತುಂಡುಗಳ ಅಂಚುಗಳೇ ಕರಗಿ, ಬೆರೆತು, ಒಂದೇ ಲೋಹವಾಗಿ ಹೆಪ್ಪುಗಟ್ಟಬೇಕು. ಕಬ್ಬಿಣ ಕರಗುವುದು ೧,೫೩೮ ಡಿಗ್ರಿಯಲ್ಲಿ. ಅಷ್ಟು ಬಿಸಿಯನ್ನು ಸೂಜಿಮೊನೆಯಷ್ಟು ಜಾಗದಲ್ಲಿ, ಕ್ಷಣಮಾತ್ರದಲ್ಲಿ ತರುವುದು ಹೇಗೆ?

ಪಳಗಿದ ಮಿಂಚು

ಉತ್ತರ ದೊರೆತದ್ದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ. ರಷ್ಯದ ವಸಿಲಿ ಪೆತ್ರೋವ್ ೧೮೦೨ರಲ್ಲಿ ದೊಡ್ಡದೊಂದು ಬ್ಯಾಟರಿಗೆ ಇದ್ದಿಲಿನ ಎರಡು ಕಡ್ಡಿಗಳನ್ನು ಜೋಡಿಸಿ, ಅವುಗಳ ತುದಿಗಳನ್ನು ತಾಗಿಸಿ ತುಸು ಬೇರ್ಪಡಿಸಿದಾಗ ನಡುವೆ ಕಣ್ಣು ಕೋರೈಸುವ ಜ್ವಾಲೆ ನಿಂತುದನ್ನು ಕಂಡನು. ಇಂಗ್ಲೆಂಡಿನಲ್ಲಿ ಹಂಫ್ರಿ ಡೇವಿಯೂ ಇಂಥ ಪ್ರಯೋಗಗಳನ್ನು ನಡೆಸಿದನು. ಇದೇ ವಿದ್ಯುಚ್ಚಾಪ. ಇದನ್ನು ಲೋಹ ಬೆಸೆಯಲು ದುಡಿಸಿಕೊಂಡವನು ನಿಕೊಲಾಯ್ ಬೆನಾರ್ದೋಸ್. ಆ ವರ್ಷ ೧೮೮೧. ೧೮೮೮ರಲ್ಲಿ ನಿಕೊಲಾಯ್ ಸ್ಲಾವ್ಯಾನೋವ್ ಇಂಗಾಲದ ಕಡ್ಡಿಗೆ ಬದಲಾಗಿ ಲೋಹದ ಕಡ್ಡಿಯನ್ನೇ ಹಿಡಿದನು. ಈಗ ಕಡ್ಡಿಯೇ ಕರಗಿ ಸಂದಿಯನ್ನು ತುಂಬತೊಡಗಿತು. ಆದರೆ ಗಾಳಿ ತಗುಲಿ ಬೆಸುಗೆ ಪೆಡಸಾಗುತ್ತಿತ್ತು. ಸ್ವೀಡನ್ನಿನ ಆಸ್ಕರ್ ಷೆಲ್‌ಬೆರ್ಯ್ ೧೯೦೭ರ ಸುಮಾರಿಗೆ ಕಡ್ಡಿಗೆ ಖನಿಜಗಳ ಲೇಪವನ್ನು ಕೊಟ್ಟು ಈ ಕೊರತೆಯನ್ನು ನೀಗಿಸಿದನು. ಇಂದು ಅಂಗಡಿಯಲ್ಲಿ ದೊರೆಯುವ ವೆಲ್ಡಿಂಗ್ ಕಡ್ಡಿ ಆ ಉಪಾಯದ ಸಂತತಿ.

ಆ ಲೇಪ ಮೂರು ಬಗೆಯಾಗಿ ಉಪಕರಿಸುತ್ತದೆ. ಉರಿಯುವಾಗ ಅನಿಲವನ್ನು ಹೊಮ್ಮಿಸಿ ಗಾಳಿಯನ್ನು ದೂರ ತಳ್ಳುತ್ತದೆ; ಚಾಪವು ಆರಿಹೋಗದಂತೆ ಸ್ಥಿರಗೊಳಿಸುತ್ತದೆ; ಕರಗಿ ಕಿಟ್ಟವಾಗಿ, ಲೋಹದ ಮೇಲೆ ಹಾಲಿನ ಕೆನೆಯಂತೆ ತೇಲಿ, ಆರುವ ತನಕ ಮುಚ್ಚಿಗೆಯಾಗಿ ನಿಲ್ಲುತ್ತದೆ. ಕಮ್ಮಾರನ ಹಿಡಿ ಮರಳು ಮಾಡುತ್ತಿದ್ದ ಕೆಲಸವನ್ನೇ ಈ ಲೇಪ ಇನ್ನಷ್ಟು ಜಾಣತನದಿಂದ ಮಾಡುತ್ತದೆ ಎನ್ನಬಹುದು.

ವಿದ್ಯುಚ್ಚಾಪ ಉರಿಯುತ್ತಿರಲು ೨೦ರಿಂದ ೩೦ ವೋಲ್ಟ್ ಸಾಕು. ಹೆಚ್ಚು ಬೇಕಾದದ್ದು ಪ್ರವಾಹ. ೨.೫ ಮಿಲಿಮೀಟರ್ ದಪ್ಪದ ಕಡ್ಡಿಗೆ ಸುಮಾರು ೬೦ರಿಂದ ೯೦ ಆಂಪಿಯರ್ ಬೇಕು. ಚಾಪದ ಬಿಸಿ ೫,೦೦೦ ಡಿಗ್ರಿಯನ್ನು ಮೀರುತ್ತದೆ. ಅದರೆದುರು ಉಕ್ಕು ಬೆಣ್ಣೆಯಂತೆ ಕರಗುವುದರಲ್ಲಿ ಆಶ್ಚರ್ಯವಿಲ್ಲ.

ಮನೆಗೆ ಬರುವ ವಿದ್ಯುತ್ತು ೨೩೦ ವೋಲ್ಟಿನದು. ಒತ್ತಡವನ್ನು ಇಳಿಸಿ ಪ್ರವಾಹವನ್ನು ಏರಿಸಲು ಟ್ರಾನ್ಸ್‌ಫಾರ್ಮರ್ ಬೇಕು. ಸೆಕೆಂಡಿಗೆ ೫೦ ಸಲ ಆಂದೋಲಿಸುವ ವಿದ್ಯುತ್ತಿಗೆ ಕಬ್ಬಿಣದ ದೊಡ್ಡ ತಿರುಳು ಅನಿವಾರ್ಯ. ಹಳೆಯ ಯಂತ್ರಗಳ ತೂಕಕ್ಕೆ ಇದೇ ಕಾರಣ. ಕಾಂತಬಲದ ಏರಿಳಿತ ಚುರುಕಾದಷ್ಟೂ ಅದೇ ಕೆಲಸಕ್ಕೆ ಸಾಕಾಗುವ ತಿರುಳು ಚಿಕ್ಕದಾಗುತ್ತದೆ. ಈಗಿನ ಇನ್ವರ್ಟರ್ ಯಂತ್ರ ಮನೆಯ ವಿದ್ಯುತ್ತನ್ನು ಮೊದಲು ಏಕಮುಖಗೊಳಿಸಿ, ಟ್ರಾನ್ಸಿಸ್ಟರುಗಳಿಂದ ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು, ಅಂಗೈಯಗಲದ ಟ್ರಾನ್ಸ್‌ಫಾರ್ಮರಿಗೆ ಊಡಿಸುತ್ತದೆ. ಯಂತ್ರ ಹೆಗಲಿಗೇರಿದ ರಹಸ್ಯ ಇಷ್ಟೇ.

ಮನೆಯ ತಂತಿ ಇದನ್ನು ತಾಳೀತೇ? ಲೆಕ್ಕ ಹಾಕೋಣ. ೮೦ ಆಂಪಿಯರನ್ನು ೨೩ ವೋಲ್ಟಿನಿಂದ ಗುಣಿಸಿದರೆ ೧,೮೪೦ ವ್ಯಾಟ್. ಯಂತ್ರದಲ್ಲಿ ಆಗುವ ನಷ್ಟವನ್ನು ಸೇರಿಸಿದರೆ ಮನೆಯ ತಂತಿಯಲ್ಲಿ ೧೦ ಆಂಪಿಯರಿಗೆ ಕಡಮೆಯಿಲ್ಲದ ಪ್ರವಾಹ ಹರಿಯುತ್ತದೆ. ಅಗ್ಗದ ಯಂತ್ರಗಳಲ್ಲಿ ಅದು ೧೫ರ ಸಮೀಪಕ್ಕೂ ಹೋಗಬಹುದು. ಆದುದರಿಂದ ದೀಪ ಫ್ಯಾನುಗಳ ಸಣ್ಣ ಸಾಕೆಟ್ಟು ಇದಕ್ಕೆ ಸಲ್ಲದು. ನೀರು ಕಾಯಿಸುವ ಗೀಸರಿಗೆ ಇರುವಂಥ, ಭೂಸಂಪರ್ಕ ಸರಿಯಾಗಿರುವ ೧೬ ಆಂಪಿಯರಿನ ಸಾಕೆಟ್ಟೇ ಬೇಕು.

ಕಣ್ಣು, ಉಸಿರು, ಬೆಂಕಿ

ಕಡ್ಡಿ ಹಿಡಿಯುವ ಮೊದಲು ಕಾಪಾಡಿಕೊಳ್ಳಬೇಕಾದವುಗಳನ್ನು ತಿಳಿಯುವುದು ವಿವೇಕ. ವಿದ್ಯುಚ್ಚಾಪದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕಾಣದ ಅತಿನೇರಿಳೆ ಕಿರಣಗಳು ಹೇರಳವಾಗಿರುತ್ತವೆ. ಅವು ಕಣ್ಣಿನ ಪಾರದರ್ಶಕ ಪಟಲವನ್ನು ಸುಡುತ್ತವೆ. ಸೋಜಿಗವೆಂದರೆ ಸುಟ್ಟ ಗಳಿಗೆಯಲ್ಲಿ ನೋವು ತಿಳಿಯುವುದಿಲ್ಲ. ಕೆಲವು ಗಂಟೆಗಳು ಕಳೆದು, ನಡುರಾತ್ರಿಯ ಹೊತ್ತಿಗೆ, ಕಣ್ಣಿಗೆ ಬಿಸಿ ಮರಳು ಬಿದ್ದಂತಾಗಿ ಎಚ್ಚರವಾಗುತ್ತದೆ. ಬಿಸಿಲಿಗೆ ಹಾಕುವ ಕಪ್ಪು ಕನ್ನಡಕ ಇದಕ್ಕೆ ಏನೇನೂ ಸಾಲದು. ಮುಖವನ್ನೆಲ್ಲ ಮುಚ್ಚುವ, ೧೦ನೆಯ ಸಂಖ್ಯೆಯ ಗಾಜುಳ್ಳ ಮುಖವಾಡವೇ ಬೇಕು. ನೋಡಲು ಸುತ್ತ ನೆರೆಯುವ ಮಕ್ಕಳಿಗೆ ಮುಖವಾಡವಿರುವುದಿಲ್ಲ. ಅವರನ್ನು ದೂರ ಕಳುಹಿಸುವುದು, ಅಡ್ಡವಾಗಿ ತಟ್ಟಿಯನ್ನು ಕಟ್ಟುವುದು ಬೆಸೆಯುವವನ ಕರ್ತವ್ಯ. ಈ ಕಿರಣಗಳು ಚರ್ಮವನ್ನೂ ಸುಡುವುದರಿಂದ ತೋಳುದ್ದದ ದಪ್ಪ ಹತ್ತಿಯ ಅಂಗಿ, ಚರ್ಮದ ಕೈಚೀಲ, ಮುಚ್ಚಿದ ಬೂಟು ಇರಬೇಕು. ನೈಲಾನ್ ಬಟ್ಟೆಯ ಮೇಲೆ ಕಿಡಿ ಬಿದ್ದರೆ ಅದು ಕರಗಿ ಮೈಗೆ ಅಂಟಿಕೊಳ್ಳುತ್ತದೆ.

ಎರಡನೆಯದು ಹೊಗೆ. ಬೆಸುಗೆಯ ಹೊಗೆ ಕ್ಯಾನ್ಸರಿಗೆ ಕಾರಣವಾಗಬಲ್ಲುದೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ೨೦೧೭ರಲ್ಲಿ ನಿರ್ಣಯಿಸಿತು. ಸತುವಿನ ಲೇಪವಿರುವ ನೀರಿನ ಪೈಪು, ತಗಡುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಸತು ೯೦೭ ಡಿಗ್ರಿಯಲ್ಲಿ ಕುದಿದು ಆವಿಯಾಗುತ್ತದೆ; ಉಕ್ಕು ಕರಗುವ ಮುನ್ನವೇ ಬಿಳಿಯ ಹೊಗೆಯೇಳುತ್ತದೆ. ಅದನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳಲ್ಲಿ ಚಳಿ, ಜ್ವರ, ಮೈಕೈ ನೋವು ಬರುತ್ತದೆ. ಬೆಲ್ಲ ತಿಂದರೆ, ಹಾಲು ಕುಡಿದರೆ ಹೊಗೆ ತಾಗದೆಂಬ ನಂಬಿಕೆಯುಂಟು. ಬೆಲ್ಲ ಹೋಗುವುದು ಹೊಟ್ಟೆಗೆ, ಹೊಗೆ ಹೋಗುವುದು ಶ್ವಾಸಕೋಶಕ್ಕೆ. ಒಂದು ಇನ್ನೊಂದನ್ನು ತಡೆಯಲಾರದು. ಗಾಳಿಯಾಡುವ ಬಯಲಿನಲ್ಲಿ, ಹೊಗೆ ಮುಖದ ಕಡೆಗೆ ಬಾರದಂತೆ ಕುಳಿತು ಕೆಲಸ ಮಾಡುವುದೇ ಸರಿಯಾದ ಕ್ರಮ. ಜಿಡ್ಡು ತೊಳೆಯುವ ಕೆಲವು ದ್ರವಗಳಲ್ಲಿ ಕ್ಲೋರೀನು ಇರುತ್ತದೆ. ಅವುಗಳ ಆವಿಯ ಮೇಲೆ ಚಾಪದ ಬೆಳಕು ಬಿದ್ದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಅಂಥ ದ್ರವವನ್ನು ಬೆಸುಗೆಯ ಹತ್ತಿರಕ್ಕೆ ತರಲೇಬಾರದು.

ಮೂರನೆಯದು ಬೆಂಕಿ ಮತ್ತು ವಿದ್ಯುತ್ತು. ಕಿಡಿಗಳು ಹತ್ತು ಮೀಟರಿನಷ್ಟು ದೂರ ಉರುಳಿ ಹೋಗಬಲ್ಲವು. ಹುಲ್ಲಿನ ಬಣವೆ, ತೆಂಗಿನ ಗರಿ, ಅಡುಗೆಯ ಅನಿಲದ ಸಿಲಿಂಡರುಗಳಿರುವಲ್ಲಿ ಈ ಕೆಲಸ ಸಲ್ಲದು. ಕೆಲಸ ಮುಗಿದ ಮೇಲೂ ಒಂದು ಗಂಟೆ ಕಾಲ ಜಾಗದ ಮೇಲೆ ಕಣ್ಣಿಟ್ಟಿರಬೇಕು. ಪೆಟ್ರೋಲು, ಎಣ್ಣೆಗಳನ್ನು ತುಂಬಿದ್ದ ಡಬ್ಬ ಖಾಲಿಯಾಗಿ ಕಂಡರೂ ಒಳಗೆ ಆವಿ ಉಳಿದಿರುತ್ತದೆ. ಅದಕ್ಕೆ ಬೆಸುಗೆ ಹಾಕುವುದು ಬಾಂಬಿಗೆ ಬತ್ತಿ ಹಚ್ಚಿದಂತೆ. ಇನ್ನು, ಚಾಪ ಹೊತ್ತುವ ಮುನ್ನ ಯಂತ್ರದ ತುದಿಗಳಲ್ಲಿ ೫೦ರಿಂದ ೮೦ ವೋಲ್ಟ್ ಇರುತ್ತದೆ. ಒಣಗಿದ ಕೈಗೆ ಅದು ಅಲ್ಪವೆನಿಸಬಹುದು. ಬೆವರಿದ ಮೈಗೆ, ಒದ್ದೆಯ ನೆಲದಲ್ಲಿ ನಿಂತವನಿಗೆ ಅದೇ ಮೃತ್ಯುವಾಗಬಲ್ಲುದು. ಮಳೆಗಾಲದಲ್ಲಿ ಬಯಲಿನ ಬೆಸುಗೆಗೆ ರಜೆ ಕೊಡುವುದು ಲೇಸು.

ಮೊದಲ ಕೃತಿ: ಹೂಕುಂಡದ ಪೀಠ

ಮೊದಲ ಕೆಲಸಕ್ಕೆ ಹೂಕುಂಡದ ಪೀಠದಂಥದು ಉತ್ತಮ. ಅದು ಮುರಿದರೆ ಕುಂಡ ಒಡೆದೀತೇ ಹೊರತು ತಲೆ ಒಡೆಯದು. ೨೫ ಮಿಲಿಮೀಟರ್ ಅಗಲ, ೩ ಮಿಲಿಮೀಟರ್ ದಪ್ಪದ ಆಂಗಲ್ ಪಟ್ಟಿ ೩ ಮೀಟರ್ ಬೇಕು. ಮೇಲಿನ ಚೌಕಕ್ಕೆ ೩೦ ಸೆಂಟಿಮೀಟರಿನ ನಾಲ್ಕು ತುಂಡು, ಕಾಲುಗಳಿಗೆ ೪೫ ಸೆಂಟಿಮೀಟರಿನ ನಾಲ್ಕು ತುಂಡು. ಕಡ್ಡಿಗಳಲ್ಲಿ ‘ಇ ೬೦೧೩’ ಎಂಬ ಗುರುತಿನವು ಹೊಸಬರಿಗೆ ಹಿಡಿತಕ್ಕೆ ಬರುವಂಥವು. ಆ ಗುರುತಿನ ಮೊದಲ ಎರಡು ಅಂಕಿಗಳು ಬೆಸುಗೆಯ ಬಲವನ್ನು ಸೂಚಿಸುತ್ತವೆ: ಚದರ ಅಂಗುಲಕ್ಕೆ ೬೦,೦೦೦ ಪೌಂಡು ಎಳೆತವನ್ನು ಅದು ತಾಳಬೇಕು. ಮಲೆನಾಡು, ಕರಾವಳಿಗಳ ತೇವಕ್ಕೆ ಕಡ್ಡಿಯ ಲೇಪ ನೀರನ್ನು ಹೀರುತ್ತದೆ. ಆ ನೀರು ಬೆಸುಗೆಯಲ್ಲಿ ಗುಳ್ಳೆಗಳನ್ನೆಬ್ಬಿಸುತ್ತದೆ. ಹಪ್ಪಳ ಸಂಡಿಗೆಗಳಂತೆ ಕಡ್ಡಿಗಳನ್ನೂ ಬಿಗಿಯಾದ ಡಬ್ಬದಲ್ಲಿ ಇಡಬೇಕು.

ತುಂಡುಗಳನ್ನು ಕೊಯ್ದ ಮೇಲೆ ಅಂಚುಗಳ ತುಕ್ಕು, ಬಣ್ಣ, ಎಣ್ಣೆಗಳನ್ನು ಅರದಿಂದಲೂ ತಂತಿಯ ಬ್ರಷ್ಷಿನಿಂದಲೂ ತೆಗೆದು ಲೋಹ ಬೆಳ್ಳಗೆ ಕಾಣುವಂತೆ ಮಾಡಬೇಕು. ಅನಂತರ ಚೌಕವನ್ನು ಜೋಡಿಸಿ, ಮೂಲೆಮಟ್ಟ ಹಿಡಿದು, ಪ್ರತಿ ಮೂಲೆಗೂ ಒಂದೊಂದು ಚುಕ್ಕೆ ಬೆಸುಗೆ ಮಾತ್ರ ಹಾಕಬೇಕು. ಒಂದೇ ಸಲಕ್ಕೆ ಪೂರ್ತಿ ಬೆಸೆಯಬಾರದೇಕೆ? ೧ ಮೀಟರ್ ಉದ್ದದ ಉಕ್ಕನ್ನು ೧೦೦ ಡಿಗ್ರಿ ಹೆಚ್ಚಾಗಿ ಕಾಯಿಸಿದರೆ ಸುಮಾರು ೧.೨ ಮಿಲಿಮೀಟರ್ ಹಿಗ್ಗುತ್ತದೆ. ಆರಿದಾಗ ಅಷ್ಟೇ ಕುಗ್ಗುತ್ತದೆ. ಕರಗಿದ ಲೋಹ ಆರುವುದು ನೂರು ಡಿಗ್ರಿಯಲ್ಲ, ಸಾವಿರಕ್ಕೂ ಮೀರಿದ ಡಿಗ್ರಿ. ಕುಗ್ಗುವಾಗ ಅದು ಎರಡು ತುಂಡುಗಳನ್ನೂ ತನ್ನ ಕಡೆಗೆ ಎಳೆದುಕೊಂಡು ಚೌಕವನ್ನು ಸೊಟ್ಟಗೊಳಿಸುತ್ತದೆ. ಎಲ್ಲ ಮೂಲೆಗಳಲ್ಲೂ ಚುಕ್ಕೆ ಹಾಕಿ, ಎದುರುಬದುರು ಮೂಲೆಗಳ ಅಂತರವನ್ನು ಅಳೆಯಬೇಕು. ಎರಡೂ ಕರ್ಣಗಳು ಸುಮಾರು ೪೨.೪ ಸೆಂಟಿಮೀಟರಿದ್ದರೆ ಚೌಕ ಸರಿ. ಇಲ್ಲದಿದ್ದರೆ ಚುಕ್ಕೆಯನ್ನು ಒಡೆದು ತಿದ್ದುವುದು ಸುಲಭ. ಪೂರ್ತಿ ಬೆಸೆಯುವಾಗಲೂ ಒಂದು ಮೂಲೆಯಾದ ಮೇಲೆ ಅದರ ಎದುರು ಮೂಲೆಗೆ ಹೋಗಬೇಕು.

ಕಡ್ಡಿಯನ್ನು ಬೆಂಕಿಕಡ್ಡಿ ಗೀರುವಂತೆ ಲೋಹದ ಮೇಲೆ ಗೀರಿ, ಚಾಪ ಹೊತ್ತಿದೊಡನೆ ಕಡ್ಡಿಯ ದಪ್ಪದಷ್ಟೇ ಅಂತರದಲ್ಲಿ ಹಿಡಿಯಬೇಕು. ನೋಡಬೇಕಾದದ್ದು ಬೆಳಕನ್ನಲ್ಲ, ಬೆಳಕಿನ ಹಿಂದೆ ನಿಲ್ಲುವ ಕರಗಿದ ಲೋಹದ ಪುಟ್ಟ ಕೊಳವನ್ನು. ಕೊಳದ ಅಂಚು ಎರಡು ತುಂಡುಗಳನ್ನೂ ಕರಗಿಸಿ ಹರಡಿತೇ ಎಂದು ನೋಡಿ ಮುಂದೆ ಸಾಗಬೇಕು. ಕೈ ಬೇಗ ಓಡಿದರೆ, ಪ್ರವಾಹ ಕಡಮೆಯಾದರೆ ಕಡ್ಡಿಯ ಲೋಹ ತಣ್ಣನೆಯ ತುಂಡಿನ ಮೇಲೆ ಮೇಣದಂತೆ ಕುಳಿತುಬಿಡುತ್ತದೆ. ಹುಸಿ ಬೆಸುಗೆ ಹುಟ್ಟುವುದು ಇಲ್ಲಿಯೇ.

ಮುರಿದು ನೋಡುವ ಪರೀಕ್ಷೆ

ಇದನ್ನು ಕಂಡುಹಿಡಿಯಲು ಪ್ರಯೋಗಶಾಲೆ ಬೇಡ, ಒಂದು ಸುತ್ತಿಗೆ ಸಾಕು. ಮಲಗಿಸಿದ ಪಟ್ಟಿಯೊಂದರ ಮೇಲೆ ಇನ್ನೊಂದನ್ನು ನೆಟ್ಟಗೆ ನಿಲ್ಲಿಸಿ, ಒಂದೇ ಬದಿಯಲ್ಲಿ ಬೆಸೆಯಿರಿ. ಆರಿದ ಮೇಲೆ ನಿಂತ ಪಟ್ಟಿಯನ್ನು ಬೆಸುಗೆಯಿರುವ ಬದಿಗೆ ಬಗ್ಗುವಂತೆ ಹೊಡೆಯಿರಿ. ಆಗ ಬೆಸುಗೆಯ ಬುಡ ತೆರೆದುಕೊಳ್ಳಲು ಎಳೆಯಲ್ಪಡುತ್ತದೆ. ಪಟ್ಟಿ ಬಗ್ಗಿ ಬೆಸುಗೆ ಉಳಿದರೆ ಉತ್ತಮ. ಮುರಿದರೆ ಮುರಿದ ಮೈಯನ್ನು ಓದಬೇಕು. ಬುಡದಲ್ಲಿ ಪಟ್ಟಿಯ ಮೊದಲಿನ ಅಂಚು ಕರಗದೆ ಹಾಗೆಯೇ ಕಂಡರೆ ಅದು ಹುಸಿ ಬೆಸುಗೆ. ಕಪ್ಪು ಗಾಜಿನಂಥ ಚೂರುಗಳು ಸಿಕ್ಕಿಕೊಂಡ ಕಿಟ್ಟ. ದುಂಡು ತೂತುಗಳು ತೇವದ ಅಥವಾ ಜಿಡ್ಡಿನ ಗುರುತು. ಇಂಥ ಹತ್ತಾರು ತುಂಡುಗಳನ್ನು ಮುರಿದವನು ಮಾತ್ರ ತನ್ನ ಬೆಸುಗೆಯನ್ನು ನಂಬಲು ಅರ್ಹನು.

ದೊಡ್ಡ ದೊಡ್ಡ ಎಂಜಿನಿಯರುಗಳು ಕೂಡ ಈ ಪಾಠವನ್ನು ಬೆಲೆ ತೆತ್ತು ಕಲಿತರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದವರು ರಿವೆಟ್ಟುಗಳನ್ನು ಬಿಟ್ಟು ಬೆಸುಗೆಯಿಂದ ಭರದಲ್ಲಿ ಹಡಗುಗಳನ್ನು ಕಟ್ಟಿದರು. ‘ಲಿಬರ್ಟಿ’ ಮಾದರಿಯವೇ ೨,೭೧೦. ೧೯೪೩ರ ಜನವರಿಯಲ್ಲಿ ‘ಸ್ಕೆನೆಕ್ಟಡಿ’ ಎಂಬ ಎಣ್ಣೆಯ ಹಡಗು ಶಾಂತವಾದ ನೀರಿನಲ್ಲಿ, ಕಟ್ಟೆಯ ಬಳಿ ನಿಂತಿದ್ದಂತೆಯೇ, ಭಾರಿ ಸದ್ದಿನೊಡನೆ ನಡುವೆ ಸೀಳಿತು. ಇತರ ಹಡಗುಗಳಲ್ಲಿಯೂ ಬಿರುಕುಗಳು ಕಾಣಿಸಿಕೊಂಡವು. ಆ ಉಕ್ಕು ಚಳಿಯಲ್ಲಿ ಗಾಜಿನಂತೆ ಪೆಡಸಾಗುತ್ತಿತ್ತೆಂಬುದನ್ನು ಕೇಂಬ್ರಿಜಿನ ಕಾನ್‌ಸ್ಟನ್ಸ್ ಟಿಪ್ಪರ್ ಎಂಬ ವಿದುಷಿ ತೋರಿಸಿಕೊಟ್ಟರು. ಬೆಸುಗೆಯ ಕುಂದುಗಳಿಂದಲೂ ಚೂಪು ಮೂಲೆಗಳಿಂದಲೂ ಬಿರುಕು ಮೊದಲಾಗುತ್ತಿತ್ತು. ರಿವೆಟ್ಟಿನ ಹಡಗಿನಲ್ಲಿ ಬಿರುಕು ಒಂದು ಹಲಗೆಯ ಅಂಚಿಗೆ ಬಂದು ನಿಲ್ಲುತ್ತದೆ. ಬೆಸೆದ ಹಡಗು ಒಂದೇ ಲೋಹವಾದುದರಿಂದ ಬಿರುಕಿಗೆ ತಡೆಯೇ ಇರಲಿಲ್ಲ. ಒಂದಾಗುವುದರ ಬಲವೇ ಅಲ್ಲಿ ದೌರ್ಬಲ್ಯವೂ ಆಯಿತು.

ಆದುದರಿಂದ ಹವ್ಯಾಸಿಯು ತನಗೆ ತಾನೇ ಒಂದು ಎಲ್ಲೆಯನ್ನು ಗೆರೆಯೆಳೆದುಕೊಳ್ಳಬೇಕು. ಹೂಕುಂಡದ ಪೀಠ, ಚಪ್ಪಲಿಯ ಗೂಡು, ಬಳ್ಳಿ ಹಬ್ಬಿಸುವ ಹಂದರ, ಕೈಗೆಲಸದ ಮೇಜು — ಇವೆಲ್ಲ ಅವನವು. ಉಯ್ಯಾಲೆ, ಏಣಿ, ಮಹಡಿಯ ಕಟಾಂಜನ, ವಾಹನದ ಭಾಗಗಳು, ಒತ್ತಡದ ಪಾತ್ರೆಗಳು ಅವನವಲ್ಲ. ಅವು ನುರಿತ ಕೈಗೆ, ಕಣ್ಣಾರೆ ಪರೀಕ್ಷಿಸುವವರಿಗೆ ಸೇರಿದವು. ಇಂಗಾಲದ ಅಂಶ ಹೆಚ್ಚಾದ ಉಕ್ಕು ಬೆಸೆದ ಸ್ಥಳದಲ್ಲಿ ಬೇಗ ಆರಿ ಪೆಡಸಾಗಿ ಬಿರಿಯುತ್ತದೆ. ಲಾರಿಯ ಸ್ಪ್ರಿಂಗ್ ಪಟ್ಟಿ, ಎರಕದ ಕಬ್ಬಿಣಗಳಲ್ಲಿ ಕೈಯಾಡಿಸುವುದನ್ನೂ ಮುಂದಕ್ಕೆ ಇಟ್ಟುಕೊಳ್ಳುವುದು ಮೇಲು.

ಈ ಎಲ್ಲೆಯೊಳಗೆ ದೊರೆಯುವ ಆನಂದ ಅಲ್ಪವಲ್ಲ. ಗುಜರಿಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಪಟ್ಟಿ ನಮ್ಮ ಕೈಯಿಂದ ಕಾಲು ಪಡೆದು ನಿಲ್ಲುತ್ತದೆ. ಬೀದಿಯ ಕೊನೆಯ ಅಂಗಡಿಯಲ್ಲಿ ಬಿಸಿಲು ಬೆಂಕಿಗಳ ನಡುವೆ ಕುಳಿತು ಗೇಟು ಬೆಸೆಯುವವನ ಕೆಲಸದ ಬೆಲೆಯೂ ಆಗ ನಮಗೆ ತಿಳಿಯುತ್ತದೆ. ಎಷ್ಟೋ ಸಲ ಅವನು ಬರಿಗಣ್ಣಿನಿಂದ ದುಡಿಯುತ್ತಿರುವುದೂ ಕಣ್ಣಿಗೆ ಬೀಳುತ್ತದೆ. ಗೇಟಿನ ಬೆಲೆಯನ್ನು ಚೌಕಾಸಿ ಮಾಡುವ ಮುನ್ನ ಅವನಿಗೊಂದು ಮುಖವಾಡ ಇದೆಯೇ ಎಂದು ಕೇಳುವ ಬುದ್ಧಿ ನಮಗೆ ಬಂದರೆ, ಈ ಹವ್ಯಾಸ ಸಾರ್ಥಕವಾದಂತೆ.